ಶಾಲೆಯ ಗೋಡೆಗೆ ಬಂದ ಲಾರಿ ಅಕ್ಷರ

ಹೆಡ್ ಮೇಡಂ ತಗಡಿನ ಬೋರ್ಡೊಂದನ್ನು ತಂದು ನನ್ನ ಅಂಗಡಿಯ ಕಟ್ಟೆಯ ಮೇಲಿಟ್ಟು, "ಇದನ್ನ ನೋಡಿ ಒಂದು ಎಮ್ಮೀನೂ ನಿಂದ್ರಂಗಿಲ್ರೀ" ಎಂದರು. ಬರೆದವಳು ನಾನೇ ಆದ್ದರಿಂದ ನನಗೆ ಮೊದಲು ಬಂದದ್ದು ಸಿಟ್ಟು. ಹಳದಿ ಬಣ್ಣ ಬಳಿದು, ಕಪ್ಪು ಅಕ್ಷರದಲ್ಲಿ 'ಮುಂದೆ ಶಾಲೆ ಇದೆ, ವಾಹನಗಳನ್ನು ನಿಧಾನವಾಗಿ ಚಲಾಯಿಸಿರಿ' ಎಂದು ಬರೆದುಕೊಟ್ಟಿದ್ದೆ. ಈಗ ಅದರಲ್ಲಿ ಹಳದಿಯೂ ಇರಲಿಲ್ಲ, ಕಪ್ಪೂ ಇರಲಿಲ್ಲ. ಅದಿರಿನ ಧೂಳು ಮಂಜಿಗೆ ನೆನೆದು, ಬಿಸಿಲಿಗೆ ಒಣಗಿ, ಹೆಪ್ಪುಗಟ್ಟಿ ಕೂತಿತ್ತು. ಇದು ಅದೇ ಬೋರ್ಡು ಎಂದು ತೋರಿಸಲು ಮೇಡಂ ಉಗುರಿನಿಂದ ಒಂದು ಮೂಲೆಯನ್ನು ಕೆರೆದರು.

ಅವರ ಶಾಲೆ ಇದ್ದದ್ದು ಗಾದಿಗನೂರು ಕಡೆಯ ಒಂದು ಹಳ್ಳಿಯಲ್ಲಿ. ಊರು ರಸ್ತೆಯ ಈಚೆ, ಶಾಲೆ ರಸ್ತೆಯ ಆಚೆ. ನಡುವೆ ಹಗಲಿಡೀ ಅದಿರಿನ ಲಾರಿಗಳು. ಕೆಂಪು ಮಣ್ಣನ್ನೂ ಚೀನಾದವರು ಕೊಳ್ಳುತ್ತಾರೆ ಎಂದು ಗೊತ್ತಾದ ಕಾಲವದು. ನಿನ್ನೆಯವರೆಗೆ ಗೊಬ್ಬರ ಮಾರುತ್ತಿದ್ದವರು, ಭತ್ತ ಕೊಳ್ಳುತ್ತಿದ್ದವರು, ಎಲ್ಲರೂ ಲಾರಿ ಇಳಿಸಿದ್ದರು. ಡ್ರೈವರುಗಳಿಗೆ ಟ್ರಿಪ್ಪಿನ ಲೆಕ್ಕದಲ್ಲಿ ಕೂಲಿ. ಹಾಗಾಗಿ ಯಾರ ಕಾಲೂ ಬ್ರೇಕಿನ ಮೇಲೆ ಇರುತ್ತಿರಲಿಲ್ಲ.

ಮೇಡಂ ಬರುವುದಕ್ಕೆ ಸ್ವಲ್ಪ ದಿನ ಮುಂಚೆ, ರಸ್ತೆ ದಾಟುತ್ತಿದ್ದ ಒಬ್ಬ ಹುಡುಗಿಯ ಪಾಟಿಚೀಲ ಲಾರಿಯ ಕೊಂಡಿಗೆ ಸಿಕ್ಕಿತ್ತು. ಚೀಲದ ಪಟ್ಟಿ ಹರಿದದ್ದರಿಂದ ಜೀವ ಉಳಿಯಿತು, ತೋಳಿನ ಎಲುಬು ಮುರಿಯಿತು. ಲಾರಿ ನಿಲ್ಲಲಿಲ್ಲ. ಯಾರ ಲಾರಿ ಎಂದು ಠಾಣೆಯಲ್ಲಿ ಕೇಳಿದರೆ ಊರವರು ಹೇಳಲು ಸಾಧ್ಯವಾದದ್ದು 'ಕೆಂಪು ಲಾರಿ' ಎಂದಷ್ಟೇ. ಆ ರಸ್ತೆಯಲ್ಲಿ ಎಲ್ಲ ಲಾರಿಗಳೂ ಕೆಂಪೇ. ಯಾವ ಬಣ್ಣದ ಲಾರಿ ಕೊಂಡರೂ ವಾರದೊಳಗೆ ಕೆಂಪಾಗುತ್ತಿತ್ತು.

"ಬ್ಯಾರೆ ಬೋರ್ಡು ಬರದು ಕೊಡ್ತೀನ್ರಿ ಮೇಡಂ, ರೊಕ್ಕ ಬ್ಯಾಡ" ಎಂದೆ.

"ಇನ್ನೊಂದು ತಗಡು ತಗೊಂಡು ಏನ್ ಮಾಡ್ಲಿ? ಮಳಿ ಬಂದಾಗ ತಲಿ ಮ್ಯಾಲೆ ಹಿಡಕೊಳ್ಳಾಕ ಚೊಲೋ ಆಗ್ತೈತಿ" ಎಂದು ಹೇಳಿ, ಬೋರ್ಡನ್ನು ಅಲ್ಲೇ ಬಿಟ್ಟು ಹೋದರು. ಮಕ್ಕಳು ಮರುದಿನವೂ ಆ ರಸ್ತೆ ದಾಟಬೇಕಿತ್ತು, ಅದರ ಮರುದಿನವೂ ದಾಟಬೇಕಿತ್ತು. ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಸಾವ್ಕಾರ್ರು ಬಂದದ್ದು ಅದೇ ವಾರದಲ್ಲಿ. ಅವರ ಹೆಸರು ಇಲ್ಲಿ ಬೇಡ, ಅವರ ಕಂಪನಿಯ ಹೆಸರೂ ಬೇಡ. ಹೊಸಪೇಟೆಯಿಂದ ಸಂಡೂರಿನವರೆಗೆ ಓಡುವ ಲಾರಿಗಳಲ್ಲಿ ದೊಡ್ಡ ಪಾಲು ಅವರದು ಎಂದರೆ ಸಾಕು. ನಮ್ಮಪ್ಪ ಕುಂಚ ಹಿಡಿದು ಬೋರ್ಡು ಬರೆಯುತ್ತಿದ್ದ ಕಾಲದಿಂದಲೂ ಅಂಗಡಿಯ ಗುರುತಿದ್ದವರು. ಈಗ ಅಂಗಡಿ ನನ್ನದು, ಕಂಪ್ಯೂಟರು ಮತ್ತು ಸ್ಟಿಕರ್ ಕತ್ತರಿಸುವ ಯಂತ್ರ ಬಂದಿದ್ದವು, ಅಪ್ಪ ಹಿಂದಿನ ಬೆಂಚಿನ ಮೇಲೆ ಕೂತು ನನ್ನ ಕೆಲಸದಲ್ಲಿ ತಪ್ಪು ಹುಡುಕುತ್ತಿದ್ದರು.

ಸಾವ್ಕಾರ್ರ ಕೈಯಲ್ಲಿ ಮಣ್ಣು ಅಗೆಯುವ ವಿದೇಶಿ ಯಂತ್ರವೊಂದರ ಬಣ್ಣದ ಪುಸ್ತಿಕೆ ಇತ್ತು. ಅದರ ಮೇಲಿನ ಇಂಗ್ಲಿಷ್ ಅಕ್ಷರಕ್ಕೆ ಬೆರಳಿಟ್ಟರು. ಸುಳ್ಳು ಹೇಳಬಾರದು, ನನಗೂ ಅದು ಇಷ್ಟವಾಯಿತು. ಎತ್ತರಕ್ಕಿಂತ ಅಗಲ ಜಾಸ್ತಿಯಿದ್ದ ದಪ್ಪ ಅಕ್ಷರಗಳು, ಪಂಕ್ತಿಯಲ್ಲಿ ಮೊದಲೇ ಬಂದು ಚಕ್ಕಳಮಕ್ಕಳ ಹಾಕಿ ಕೂತವರ ಹಾಗೆ. ತುದಿಯಲ್ಲಿ ಕೊಕ್ಕೆಯಿಲ್ಲ, ಪಾದವಿಲ್ಲ. 'ಓ' ದುಂಡಗಿರಲಿಲ್ಲ, ಮೂಲೆ ಸವೆದ ಇಟ್ಟಿಗೆಯಂತಿತ್ತು. 'ಎ'ಗೆ ನಡುವಿನ ಅಡ್ಡಗೆರೆ ಇರಲಿಲ್ಲ. 'ಇ'ಗೆ ಬೆನ್ನೇ ಇಲ್ಲ, ಒಂದರ ಕೆಳಗೊಂದು ಮೂರು ಪಟ್ಟಿ ಅಷ್ಟೆ. ಇನ್ನೂ ಬಾರದ ಕಾಲದಿಂದ ಬಂದಿಳಿದ ಅಕ್ಷರ ಅದು.

"ರಾಕೆಟ್ ಮ್ಯಾಲೆ ಬರದಂಗೈತಿ, ಹೌದಿಲ್ಲೋ? ನಮ್ ಎಲ್ಲಾ ಗಾಡಿ ಹಿಂದ ಹಿಂಗ ಬೇಕು. ನೋಡಿದವ್ರು ಹಾದಿ ಬಿಡಬೇಕು."

"ಕನ್ನಡದಾಗ?"

"ಕನ್ನಡ ಕೆಳಗ ಸಣ್ಣಗ ಹಾಕು ತಂಗಿ. ಅದು ಹಿಂಗ ಬರಂಗಿಲ್ಲ. ಕನ್ನಡ ಅಂದ್ರ ಜಿಲೇಬಿ, ಅದನ್ನ ಇಟ್ಟಂಗಿ ಮಾಡಾಕ ಬರ್ತೈತೇನು?"

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ಬರ್ತೈತ್ರಿ. ಇದರಷ್ಟ ಅಗಲ, ಇದರಷ್ಟ ದಪ್ಪ ಬರ್ತೈತಿ. ಎರಡೂ ಸಮಾ ಹಾಕೋದಿದ್ರ ಕೊಡ್ರಿ. ಇಲ್ಲಾಂದ್ರ ಇಂಗ್ಲಿಷೂ ನಾ ಬರಿಯಂಗಿಲ್ಲ" ಎಂದೆ. ಹಿಂದೆ ಅಪ್ಪ ಕೆಮ್ಮಿದರು. ಅಷ್ಟು ದೊಡ್ಡ ಕೆಲಸ ನಮ್ಮ ಅಂಗಡಿಗೆ ಹಿಂದೆ ಬಂದಿರಲಿಲ್ಲ.

ಸಾವ್ಕಾರ್ರು ನಕ್ಕರು. "ಆಯುಧ ಪೂಜಿಗೆ ಎಲ್ಲಾ ಗಾಡಿ ಸಾಲಾಗಿ ನಿಲ್ಲಸ್ತೀನಿ. ಅಷ್ಟರೊಳಗ ಮಾಡಿ ತೋರ್ಸು. ಆಗ್ಲಿಲ್ಲಾಂದ್ರ ಬರೇ ಇಂಗ್ಲಿಷು, ಬಾಯಿ ಮುಚ್ಕೊಂಡು ಅಂಟಸ್ಬೇಕು."

ಭಾಷೆಯ ಅಭಿಮಾನ ಇರಲಿಲ್ಲವೆಂದಲ್ಲ. ಆದರೆ ಆ ಕ್ಷಣ ನನ್ನ ತಲೆಯಲ್ಲಿದ್ದದ್ದು ಆ ಹುಡುಗಿಯ ತೋಳು. ಬೆನ್ನಿಲ್ಲದ 'ಇ'ಯನ್ನು ಇಂಗ್ಲಿಷ್ ಬಲ್ಲವರೇ ತಡವರಿಸಿ ಓದಬೇಕು. ಓಡುವ ಲಾರಿಯ ಹಿಂದೆ ಅದೊಂದೇ ಇದ್ದರೆ ಊರಿನ ಜನ ಮತ್ತೆ 'ಕೆಂಪು ಲಾರಿ' ಎಂದೇ ಹೇಳಬೇಕಾಗುತ್ತದೆ. ಕನ್ನಡದಲ್ಲಿ ಅಷ್ಟೇ ದಪ್ಪಗೆ ಹೆಸರಿದ್ದರೆ ಯಾರ ಲಾರಿ ಎಂದಾದರೂ ಕೂಗಿ ಹೇಳಬಹುದು. ಇದನ್ನು ಸಾವ್ಕಾರ್ರಿಗೆ ನಾನು ಹೇಳಲಿಲ್ಲ.

ಮೊದಲು ಸುಲಭದ ದಾರಿ ಹಿಡಿದೆ. ಕಂಪ್ಯೂಟರಿನಲ್ಲಿದ್ದ ದಪ್ಪ ಕನ್ನಡ ಫಾಂಟನ್ನು ತೆಗೆದುಕೊಂಡು ಅಡ್ಡಕ್ಕೆ ಎಳೆದೆ. ನಿಂತ ಗೆರೆಗಳೆಲ್ಲ ಬಾತುಕೊಂಡವು, ಮಲಗಿದ ಗೆರೆಗಳು ಇದ್ದಷ್ಟೇ ಇದ್ದವು. ಒತ್ತಕ್ಷರಗಳು ಚಪ್ಪಟೆಯಾಗಿ ಕೆಳಗೆ ಹರಡಿಕೊಂಡವು. ಅಪ್ಪ ಕನ್ನಡಕ ಏರಿಸಿ ನೋಡಿ, "ಇದು ಅಕ್ಷರ ಅಲ್ಲವ್ವಾ, ಮೈ ಮ್ಯಾಲೆ ಗಾಡಿ ಹತ್ತಿದ ಕಪ್ಪಿ" ಎಂದರು.

ಸರಿ, ಎಳೆಯುವುದನ್ನು ಬಿಟ್ಟು ಚೌಕುಳಿ ಕಾಗದದ ಮೇಲೆ ಮೊದಲಿನಿಂದ ಬರೆಯಲು ಕೂತೆ. ನಿಯಮ ಒಂದೇ ಇಟ್ಟುಕೊಂಡೆ: ಗೆರೆ ನಿಂತಿರಲಿ, ಮಲಗಿರಲಿ, ದಪ್ಪ ಒಂದೇ ಇರಬೇಕು. 'ರ'ದ ದುಂಡನ್ನು ಮೂಲೆ ಸವೆದ ಇಟ್ಟಿಗೆ ಮಾಡಿದೆ. 'ವ', 'ಬ', 'ದ' ಎಲ್ಲ ಅದೇ ಇಟ್ಟಿಗೆಯಿಂದ ಹುಟ್ಟಿದವು. ನೋಡಲು ಹೊಸ ಕಾಲದವರಂತೆ ಇರಲಿ ಎಂದು ತಲಕಟ್ಟುಗಳನ್ನು ತೆಗೆದುಹಾಕಿದೆ. ಇಂಗ್ಲಿಷಿನವರು 'ಎ'ಯ ಅಡ್ಡಗೆರೆ ಕಿತ್ತುಹಾಕಿಲ್ಲವೇ, ನಮಗೇನು ಎಂಬ ಹುಮ್ಮಸ್ಸು. ಅಪ್ಪನಿಗೆ ತೋರಿಸಿದರೆ 'ರ'ವನ್ನು ಸೊನ್ನೆ ಎಂದು ಓದಿದರು.

"ಎಲ್ಲಾರಿಗೂ ತಲಿ ಬೋಳಿಸಿ ನಿಲ್ಲಿಸಿದ್ರ ಯಾರು ಯಾರಂತ ಹೆಂಗ ಗುರ್ತು ಹಿಡಿಯೋದು?"

ತಲಕಟ್ಟು ವಾಪಸು ಬಂತು. ಬಾಗಿದ ಹಳೆಯ ರೂಪದಲ್ಲಿ ಅಲ್ಲ, ಅಕ್ಷರದ ಉದ್ದಕ್ಕೂ ಮಲಗಿದ ನೇರ ಪಟ್ಟಿಯಾಗಿ, ಬಲತುದಿಯನ್ನು ಓರೆಯಾಗಿ ಕತ್ತರಿಸಿ. ಟೋಪಿಯ ಅಂಚು ಮುಂದಕ್ಕೆ ಚಾಚಿದಂತೆ ಕಂಡಿತು. ಇಂಗ್ಲಿಷಿನಲ್ಲಿ ಇಲ್ಲದ ಒಂದು ವೇಗ ಅದರಿಂದ ಬಂತು. ಅವತ್ತು ಊಟ ಮಾಡಿದ್ದೂ ನನಗೆ ಗೊತ್ತಾಗಲಿಲ್ಲ, ಅಷ್ಟು ಖುಷಿ.

ಖುಷಿ ಒತ್ತಕ್ಷರದವರೆಗೆ ಮಾತ್ರ. ಇಂಗ್ಲಿಷ್ ಅಕ್ಷರದ್ದು ಒಂದೇ ಅಂತಸ್ತಿನ ಮನೆ. ನಮ್ಮದರಲ್ಲಿ ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು, ಮೂರು ಅಂತಸ್ತು. ಲಾರಿಯ ಹಿಂಬಾಗಿಲಿನಲ್ಲಿ ಸಿಕ್ಕಿದ್ದು ಒಂದು ಅಂತಸ್ತಿನ ಜಾಗ. ಮೂರನ್ನೂ ತುರುಕಿದರೆ ನಡುವಿನ ಅಕ್ಷರ ಕುಗ್ಗಿ, ಇಂಗ್ಲಿಷಿನ ಪಕ್ಕ ಕೂಲಿಯವನಂತೆ ಕಾಣುತ್ತಿತ್ತು. ಅವರ ಕಂಪನಿಯ ಹೆಸರಿನಲ್ಲಿ ಎರಡು ಕಡೆ ಒತ್ತು ಬರುತ್ತಿತ್ತು. ಹರಿದು ಹಾಕಿದ ಕಾಗದದ ರಾಶಿಯನ್ನು ನೋಡಿ, ಸಾವ್ಕಾರ್ರು ಹೇಳಿದ್ದೇ ನಿಜವೇನೋ ಎಂದು ಒಂದು ಗಳಿಗೆ ಅನಿಸಿತು. ಅನಿಸಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು.

ದಾರಿ ತೋರಿಸಿದ್ದು ಅಪ್ಪ. ಹಿಂದೆ ಲಾರಿಯ ಹಲಗೆಗಳ ಮೇಲೆ ಜಾಗ ಸಾಲದಿದ್ದಾಗ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. "ಕಾಲಾಗ ಜಾಗ ಇಲ್ಲಾಂದ್ರ ಮಗ್ಗಲಾಗ ಕುಂದ್ರಸ್ತಿದ್ವಿ" ಎಂದರು. ಒತ್ತನ್ನು ಅಕ್ಷರದ ಕೆಳಗೆ ಇಳಿಬಿಡದೆ, ಬಲಪಕ್ಕದಲ್ಲಿ ಅದೇ ನೆಲದ ಮೇಲೆ ಅರ್ಧ ಎತ್ತರಕ್ಕೆ ಕೂರಿಸಿದೆ. ದಪ್ಪ ಮಾತ್ರ ಪೂರ್ತಿ ದಪ್ಪವೇ. ಅಷ್ಟು ದಪ್ಪಕ್ಕೆ ಒಳಗಿನ ಸಂದು ಮುಚ್ಚಿಹೋಗುತ್ತಿತ್ತು, ಅದಕ್ಕೆ ಒಳಗೆರೆಗಳನ್ನು ಮೊಟಕು ಮಾಡಿದೆ. ಮೊದಲ ಸಲ ಕನ್ನಡದ ಸಾಲು ಇಂಗ್ಲಿಷಿನ ಸಾಲಿಗೆ ತೋಳು ತಾಗಿಸಿ ನಿಂತಿತು.

ಲಾರಿಗಳಿಗೆಂದು ಕತ್ತರಿಸುವ ಮುಂಚೆ ಇನ್ನೊಂದು ಪರೀಕ್ಷೆ ಬಾಕಿ ಇತ್ತು. ಮೇಡಂ ಬಿಟ್ಟುಹೋದ ತಗಡು ಕಣ್ಣೆದುರಿಗೇ ಇತ್ತಲ್ಲ. ನಿಂತ ಲಾರಿಯೊಂದರ ತಳದಿಂದ ಅದಿರಿನ ಪುಡಿ ಗೋರಿ ತಂದು, ನೀರಿನಲ್ಲಿ ಕಲಸಿ, ಮಾದರಿ ಸ್ಟಿಕರಿನ ಮೇಲೆ ಬಳಿದು, ರಸ್ತೆಯಾಚೆ ಬೇವಿನ ಮರಕ್ಕೆ ತೂಗುಹಾಕಿದೆ. ಒಣಗಿದ ಮೇಲೆ ಅಂಗಡಿಯ ಮುಂದೆ ನಿಂತು, ಕಣ್ಣು ಅರ್ಧ ಮುಚ್ಚಿ ನೋಡಿದೆ. 'ಸ' ಪೂರ್ತಿ ಇಟ್ಟಿಗೆಯಾಗಿತ್ತು. 'ದ'ದ ಒಳಗಿನ ಸಂದು ಮಾಯವಾಗಿತ್ತು. ಧೂಳು ಮೊದಲು ಹೋಗಿ ಕೂರುವುದೇ ಕಿರಿದಾದ ಸಂದಿನಲ್ಲಿ. ಹಾಗಾದರೆ ಸಂದು ಗೆರೆಯಷ್ಟೇ ಅಗಲ ಇರಬೇಕು, ಕೂದಲೆಳೆಯಷ್ಟೂ ಕಡಿಮೆ ಆಗಕೂಡದು. ಎಲ್ಲ ಅಕ್ಷರವನ್ನೂ ಮತ್ತೆ ಬಿಡಿಸಿದೆ. ಅವು ಇನ್ನೂ ಅಗಲವಾದವು. ಈಗ ಆ ಅಗಲ ಯಾವುದೋ ಯಂತ್ರದ ಪುಸ್ತಿಕೆಯಿಂದ ತಂದದ್ದಾಗಿರಲಿಲ್ಲ. ನಮ್ಮ ರಸ್ತೆಯ ಧೂಳು ಕೇಳಿ ಪಡೆದದ್ದಾಗಿತ್ತು.

ಆಮೇಲಿನದು ಕೈಕೆಲಸ. ಬೆಳಕು ಬಿದ್ದರೆ ಹೊಳೆಯುವ ಹಳದಿ ಹಾಳೆ, ನಮ್ಮ ಕಡೆ ಅದಕ್ಕೆ ರೇಡಿಯಂ ಎನ್ನುತ್ತಾರೆ, ಅದನ್ನು ಯಂತ್ರಕ್ಕೆ ಕೊಟ್ಟು ಕತ್ತರಿಸಬೇಕು. ಬೇಡದ ಭಾಗವನ್ನು ಸೂಜಿಯಿಂದ ಎತ್ತಿ ಕೀಳಬೇಕು. ಲಾರಿಯ ಹಿಂಬಾಗಿಲಿಗೆ ಬಳಿದ ನೀಲಿಯ ಮೇಲೆ ಸಾಬೂನು ನೀರು ಚಿಮುಕಿಸಿ, ಅಕ್ಷರ ಇಟ್ಟು, ರಬ್ಬರಿನಿಂದ ಒತ್ತಿ ನೀರು ಹೊರಡಿಸಬೇಕು. ಚೂಪಾದ ಒಳಮೂಲೆಗಳು ಮೊದಲ ಲಾರಿಯಲ್ಲೇ ಎದ್ದುಬಂದವು. ಎಲ್ಲ ಮೂಲೆಗಳನ್ನೂ ತುಸು ದುಂಡಗೆ ಮಾಡಿ ಮತ್ತೆ ಕತ್ತರಿಸಿದೆ. ಮೇಲೆ ಇಂಗ್ಲಿಷು, ಕೆಳಗೆ ಕನ್ನಡ. ಮೇಲಿನ ಜಾಗ ಇಂಗ್ಲಿಷಿಗೇ ಇರಲಿ ಎಂದು ಸಾವ್ಕಾರ್ರು ಹಟ ಹಿಡಿದಿದ್ದರು, ಅಷ್ಟನ್ನು ನಾನು ಬಿಟ್ಟುಕೊಟ್ಟೆ.

ಆಯುಧ ಪೂಜೆಯ ದಿನ ಲಾರಿಗಳೆಲ್ಲ ತೊಳೆದುಕೊಂಡು, ಬಾಳೆಕಂಬ, ಚೆಂಡುಹೂವಿನ ಹಾರ ಹಾಕಿಕೊಂಡು ಯಾರ್ಡಿನಲ್ಲಿ ಸಾಲಾಗಿ ನಿಂತಿದ್ದವು. ಕುಂಬಳಕಾಯಿ ಒಡೆದದ್ದಾಯಿತು, ಗಾಲಿಗಳು ನಿಂಬೆಹಣ್ಣು ಮೆಟ್ಟಿದ್ದಾಯಿತು. ಸಾವ್ಕಾರ್ರು ಸಾಲಿನ ಹಿಂದೆ ಒಂದು ಸುತ್ತು ನಡೆದುಬಂದು, "ಮಸ್ತ್ ಆಗೇತಿ ತಂಗಿ. ಜಿಲೇಬಿ ಇಟ್ಟಂಗಿ ಆತು" ಎಂದರು. ಅಪ್ಪ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡರು.

ಮರುದಿನ ಲಾರಿಗಳು ಅದಿರು ತುಂಬಿಕೊಂಡು ರಸ್ತೆಗೆ ಬಂದಾಗ ನಾನು ಅಂಗಡಿಯ ಮುಂದೆ ನಿಂತು ಕಾಯುತ್ತಿದ್ದೆ. ಮೊದಲ ಲಾರಿ ಹಾದುಹೋಯಿತು. ಹಿಂದಿನಿಂದ ನೋಡಿ ಜೋರಾಗಿ ನಕ್ಕುಬಿಟ್ಟೆ. ಅದಿರಿನ ಮೇಲೆ ಹೊದೆಸಿದ ತಾಡಪಾಲು ಹಿಂಬಾಗಿಲಿನ ಅರ್ಧದವರೆಗೆ ಇಳಿದು, ಹಗ್ಗದಿಂದ ಬಿಗಿದು ಕಟ್ಟಿತ್ತು. ಇಂಗ್ಲಿಷು ಪೂರ್ತಿ ತಾಡಪಾಲಿನ ಅಡಿಗೆ ಹೋಗಿತ್ತು. ಕೆಳಗೆ ಕನ್ನಡ ಮಾತ್ರ ಹಳದಿಯಾಗಿ ಹೊಳೆಯುತ್ತಿತ್ತು. ಅಳತೆ ತೆಗೆದದ್ದು, ಅಂಟಿಸಿದ್ದು, ಒಪ್ಪಿಗೆ ಕೊಟ್ಟದ್ದು ಎಲ್ಲ ಖಾಲಿ ಲಾರಿ ನಿಲ್ಲಿಸಿಕೊಂಡು. ಹುಟ್ಟಿದಾಗಿನಿಂದ ಲಾರಿ ನೋಡುತ್ತಾ ಬೆಳೆದ ನಮಗೆ ಒಬ್ಬರಿಗೂ ತಾಡಪಾಲು ನೆನಪಾಗಿರಲಿಲ್ಲ. ಸಾವ್ಕಾರ್ರು ಗೊಣಗಿದರು, ಆದರೆ ಅಷ್ಟು ಹೊತ್ತಿಗೆ ಊರೆಲ್ಲ ಹೊಗಳುತ್ತಿತ್ತು, ಸುಮ್ಮನಾದರು.

ಜನ ಅದಕ್ಕೆ 'ಲಾರಿ ಅಕ್ಷರ' ಎಂದು ಹೆಸರಿಟ್ಟರು. ಕಂಪ್ಲಿಯ ಅಕ್ಕಿ ಗಿರಣಿಯವರು ಬಂದು ಚೀಲದ ಮೇಲೆ ಲಾರಿ ಅಕ್ಷರ ಬೇಕೆಂದರು. ಕಡ್ಡಿರಾಂಪುರದ ಖಾನಾವಳಿಯವರು, ಹಂಪಿಗೆ ಹೋಗುವ ಬಸ್ಸಿನವರಿಗೆ ದೂರದಿಂದ ಕಾಣಬೇಕು, ಅದೇ ಅಕ್ಷರ ಹಾಕಿ ಎಂದರು. ವ್ಯಾಯಾಮಶಾಲೆಯವರು ಬಂದರು, ಮೊಬೈಲ್ ಅಂಗಡಿಯವರು ಬಂದರು. ಮಗಳ ಮದುವೆಯ ಬ್ಯಾನರಿಗೆ ಕೇಳಿದವರಿಗೆ ಮಾತ್ರ ಆಗುವುದಿಲ್ಲ ಎಂದೆ. ಆ ಅಕ್ಷರ ಕೂಗುತ್ತದೆ, ಮದುವೆ ಮನೆಯಲ್ಲಿ ಕೂಗುವವರು ಮೊದಲೇ ಸಾಕಷ್ಟು ಇರುತ್ತಾರೆ.

ಹೆಡ್ ಮೇಡಂ ಮತ್ತೆ ಬಂದದ್ದು ಆಗ. ಈ ಸಲ ಮುಖದಲ್ಲಿ ನಗು ಇತ್ತು.

"ಸಾವ್ಕಾರ್ರ ಗಾಡಿ ನಮ್ಮ ಗೇಟಿನ ಕಂಬಕ್ಕ ಬಡದು ಓಡಿತ್ರೀ. ನಮ್ಮ ಹುಡುಗ್ರು ಎಲ್ಲಾ ಒಟ್ಟಿಗೆ ಹೆಸರು ಓದಿ ಕೂಗ್ಯಾರ. ಊರವ್ರು ಸೀದಾ ಅವರ ಆಫೀಸಿಗೆ ಹೋದ್ರು. ಮರುದಿನಾನ ಗೌಂಡಿ ಬಂದು ಕಂಬ ಕಟ್ಟಿ ಹೋದ."

ನಾನು ಹಿಗ್ಗಿದೆ. ಮೇಡಂ ನನ್ನನ್ನು ಹಿಗ್ಗಲು ಬಿಡಲಿಲ್ಲ. "ಬಡದ ಮ್ಯಾಲೆ ಹೆಸರು ಸಿಕ್ಕು ಏನ್ ಮಾಡೋದೈತ್ರೀ? ಕಂಬ ಆದ್ರ ಮತ್ತ ಕಟ್ಟಬಹುದು. ಕೂಸಿಗೆ ಬಡದ್ರ? ಬಡಿಯೋಕಿಂತ ಮೊದ್ಲ ನಿಧಾನ ಆಗ್ಬೇಕು. ನಮ್ಮ ಕಾಂಪೌಂಡ್ ಗ್ವಾಡಿ ರಸ್ತಿಗೆ ಹತ್ತೈತಿ. ಅದರ ಮ್ಯಾಲೆ ನಿಮ್ಮ ಲಾರಿ ಅಕ್ಷರದಾಗ ಬರೀರಿ."

ಅವರು ಕೇಳಿದ್ದು ಅಕ್ಷರ ಮಾತ್ರ. ಬಣ್ಣವನ್ನೂ ಅದನ್ನೇ ಹಾಕಬೇಕೆಂದು ತೀರ್ಮಾನಿಸಿದ್ದು ನಾನು. ಅದೇ ನೀಲಿ, ಅದೇ ಹಳದಿ. ಡ್ರೈವರುಗಳ ಕಣ್ಣಿಗೆ ಅದು ಸಾವ್ಕಾರ್ರೇ ಬರೆಸಿದ ಹುಕುಂ ಎಂದು ಕಾಣಲಿ ಎಂಬುದೇ ನನ್ನ ಲೆಕ್ಕಾಚಾರ. ನೋಡಿದವರು ಹಾದಿ ಬಿಡಬೇಕು ಎಂದು ಮಾಡಿಸಿದ ಅಕ್ಷರ ಶಾಲೆಯ ಮಕ್ಕಳಿಗೂ ಹಾದಿ ಬಿಡಿಸಲಿ. ಇದು ಸರಿಯೇ ಎಂದು ಅಪ್ಪ ಕೇಳಿದರು. ಹುಡುಗಿಯ ತೋಳು ಮುರಿದದ್ದು ಸರಿಯೇ ಎಂದು ನಾನು ಕೇಳಿದೆ.

ಮಾತನ್ನೂ ಮೊಟಕು ಮಾಡಿದೆ. 'ಚಲಾಯಿಸಿರಿ' ಎಂಬ ವಿನಯವೆಲ್ಲ ತಗಡಿನೊಂದಿಗೇ ಹೋಗಿತ್ತು. 'ಶಾಲೆ. ನಿಧಾನ.' ಅಷ್ಟೆ. ಎರಡರಲ್ಲೂ ಒತ್ತಿಲ್ಲ, ಅಕ್ಷರಗಳು ಪೂರ್ತಿ ಎತ್ತರಕ್ಕೆ ನಿಲ್ಲಬಹುದು. ಗೋಡೆಗೆ ಸ್ಟಿಕರ್ ನಿಲ್ಲುವುದಿಲ್ಲವಾದ್ದರಿಂದ ಅಪ್ಪನ ಕಾಲದ ವಿದ್ಯೆಗೆ ಹೋಗಬೇಕಾಯಿತು. ದೊಡ್ಡ ಕಾಗದದ ಮೇಲೆ ಅಕ್ಷರ ಬಿಡಿಸಿ, ಅಂಚಿನುದ್ದಕ್ಕೂ ಸೂಜಿಯಿಂದ ಚುಚ್ಚಿ ತೂತು ಮಾಡಿ, ಗೋಡೆಗೆ ಹಿಡಿದು, ಇದ್ದಿಲ ಪುಡಿಯ ಬಟ್ಟೆಗಂಟಿನಿಂದ ತಟ್ಟಿದರೆ ಗೋಡೆಯ ಮೇಲೆ ಚುಕ್ಕಿ ಮೂಡುತ್ತದೆ. ಹಳೆಯ ಸುಣ್ಣ ಕೆರೆದು, ನೀಲಿ ಎಣ್ಣೆಬಣ್ಣ ಬಳಿದು ಒಣಗಿಸಿ, ಚುಕ್ಕಿಗಳ ಒಳಗೆ ಹಳದಿ ತುಂಬಿದೆವು. 'ಧಾ'ದ ಕೆಳಗಿನ ಸೀಳನ್ನು ಅಪ್ಪ ತಾವೇ ಕುಂಚ ಹಿಡಿದು ಬರೆದರು, ನನ್ನನ್ನು ನಂಬಲಿಲ್ಲ.

ಲಾರಿಗಳು ನಿಧಾನವಾದವು. ನಾನು ಕಣ್ಣಾರೆ ನೋಡಿದೆ. ತಿರುವಿನಲ್ಲಿ ಗೋಡೆ ಕಂಡ ಕೂಡಲೇ ಗೇರು ಇಳಿಯುವ ಸದ್ದು ಕೇಳುತ್ತಿತ್ತು. ಸಾವ್ಕಾರ್ರ ಲಾರಿ ನಿಧಾನವಾದರೆ ಹಿಂದಿದ್ದ ಬೇರೆಯವರ ಲಾರಿಗೂ ಬೇರೆ ಗತಿಯಿಲ್ಲ. ಹಿಂದೆ ಕೈ ಕೈ ಹಿಡಿದು ಓಡುತ್ತಿದ್ದ ಮಕ್ಕಳು ಈಗ ನಡೆದು ದಾಟುತ್ತಿದ್ದರು.

ಟ್ರಿಪ್ಪು ಕಡಿಮೆಯಾಯಿತೆಂದು ಸುದ್ದಿ ಮೇಲಕ್ಕೆ ಹೋಯಿತು. ಸಾವ್ಕಾರ್ರು ಕರೆಸಿದರು. ಅವರ ಹೊಸ ಆಫೀಸಿಗೂ ಪೆಟ್ರೋಲ್ ಬಂಕಿಗೂ ನಾನೇ ಬೋರ್ಡು ಮಾಡಬೇಕೆಂದು ಮಾತಾಗಿತ್ತು. ಹೋದಾಗ ಅವರು ಕುಂದ್ರು ಎನ್ನಲಿಲ್ಲ.

"ಆ ಅಕ್ಷರ ನಂದು. ನನ್ನ ಕೇಳಲಾರ್ದ ಹೆಂಗ ಬರದಿ?"

"ನಿಮ್ ಹೆಸರು ನಿಮ್ದುರೀ. ಅಕ್ಷರ ನಿಮ್ದಲ್ಲ."

"ರೊಕ್ಕ ಕೊಟ್ಟೀನಿ."

"ನಿಮ್ಮ ಹೆಸರಿನಾಗ ಇರೋ ಅಕ್ಷರಕ್ಕ ಕೊಟ್ಟೀರಿ. 'ಶಾ' ಅದರಾಗ ಇಲ್ಲ, 'ಲೆ' ಇಲ್ಲ, 'ನಿ' ಇಲ್ಲ, 'ಧಾ' ಇಲ್ಲ. ಅವನ್ನ ನಾ ಶಾಲಿಗಂತ ಹೊಸದಾಗಿ ಬರದೀನಿ. ಕಡೀ 'ನ' ಒಂದು ನಿಮ್ಮ ಹೆಸರಿನಾಗ ಐತಿ. ಬೇಕಂದ್ರ ಅದೊಂದು ಅಳಿಸ್ತೀನಿ. 'ನಿಧಾ' ಅಂತ ಓದ್ಕೊಂಡು ಗಾಡಿ ನಿಲ್ಲಸ್ತಾರ."

ಅವರು ನಗಲಿಲ್ಲ. ನನಗೂ ನಗಿಸುವ ಮನಸ್ಸಿರಲಿಲ್ಲ.

"ಅಳಸ್ತೀಯೋ ಇಲ್ಲೋ? ಇಲ್ಲಾಂದ್ರ ನನ್ನ ಕೆಲಸ ಒಂದೂ ನಿನ್ನ ಅಂಗಡಿಗೆ ಬರಂಗಿಲ್ಲ."

"ಅಳಸಂಗಿಲ್ರಿ" ಎಂದೆ.

ಮನೆಗೆ ಬಂದು ಅಪ್ಪನಿಗೆ ಹೇಳಿದಾಗ ಬೈಗುಳಕ್ಕೆ ತಯಾರಾಗಿದ್ದೆ. ಅವರು, "ನಾ ಆಗಿದ್ರ ಅಳಸಿ ಬರ್ತಿದ್ದೆ" ಎಂದರು. ಆಮೇಲೆ, "ನೀಲಿ ಬಣ್ಣ ಎಷ್ಟು ಉಳದೈತಿ ನೋಡು. ಅವ ಸುಮ್ನ ಬಿಡೋ ಮನಷ್ಯಾ ಅಲ್ಲ" ಎಂದರು.

ಹಾಗೆಯೇ ಆಯಿತು. ಶಾಲೆಗೆ ರಜೆ ಇದ್ದ ದಿನ ಜನ ಕಳಿಸಿ ಗೋಡೆಗೆ ಸುಣ್ಣ ಹೊಡೆಸಿದ್ದರು. ಮೇಡಂ ಫೋನಿನಲ್ಲಿ ಸುದ್ದಿ ಕೊಟ್ಟರು. ಲಾರಿಗಳು ಮತ್ತೆ ಹಳೆಯ ವೇಗಕ್ಕೆ ಬಂದವು, ಮಕ್ಕಳನ್ನು ದಾಟಿಸಲು ಟೀಚರುಗಳು ರಸ್ತೆಗೆ ನಿಲ್ಲಬೇಕಾಯಿತು ಎಂದರು. ನಾನು ಬೆಳಗಿನ ಬಸ್ಸಿಗೇ ಬಣ್ಣದ ಡಬ್ಬಿ ಹಿಡಿದು ಹೊರಟೆ. ಮುಚ್ಚುಮರೆ ಏನಿಲ್ಲ, ನೋಡುವವರು ನೋಡಲಿ ಎಂದೇ ಹೋದೆ.

ಗೋಡೆ ಬೆಳ್ಳಗಿತ್ತು. ಕೈಯಿಂದ ಉಜ್ಜಿದೆ, ಬೆರಳಿಗೆ ಸುಣ್ಣ ಹತ್ತಿತು. ಎಣ್ಣೆಬಣ್ಣದ ನುಣುಪಿನ ಮೇಲೆ ಸುಣ್ಣ ಕಚ್ಚಿಕೊಳ್ಳುವುದಿಲ್ಲ ಎಂಬುದು ಹೊಡೆದವರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೇ ಹೊಡೆದರೋ. ಬಾವಿಯ ನೀರಿನಲ್ಲಿ ಗೋಣಿತಟ್ಟು ಅದ್ದಿ ಒರೆಸಿದೆ. 'ಶಾ'ದ ತಲೆ ಕಂಡಿತು. ಒಂದು ಗಂಟೆ ಉಜ್ಜುವಷ್ಟರಲ್ಲಿ ನೀಲಿಯೂ ಹಳದಿಯೂ ತೊಳೆದಿಟ್ಟಂತೆ ಹೊರಬಂದವು.

ಕೊನೆಯ ಅಕ್ಷರ ಒರೆಸುತ್ತಿದ್ದಾಗ ಹಿಂದೆ ಲಾರಿಯೊಂದು ನಿಂತ ಸದ್ದಾಯಿತು. ಸಾವ್ಕಾರ್ರದೇ. ಡ್ರೈವರು ಇಳಿದುಬಂದ. ಅರ್ಧ ನೆರೆತ ಗಡ್ಡ, ರೆಪ್ಪೆಯ ಮೇಲೂ ಕೆಂಪು ಧೂಳು. ಜಗಳಕ್ಕೆಂದೇ ಬಂದಿದ್ದಾನೆ ಎಂದುಕೊಂಡು ಗೋಣಿತಟ್ಟನ್ನು ಬಿಗಿಯಾಗಿ ಹಿಡಿದೆ.

"ಯಾರು ಬರಸ್ಯಾರಕ್ಕ ಇದನ್ನ?"

ಸುಳ್ಳು ಹೇಳಬಹುದಿತ್ತು, ಸಾವ್ಕಾರ್ರು ಎನ್ನಬಹುದಿತ್ತು. ಅವತ್ತು ಬಾಯಿಗೆ ಬರಲಿಲ್ಲ. "ಯಾರೂ ಬರಸಿಲ್ಲ, ನಾನ ಬರದೀನಿ. ನಿಮ್ಮ ಸಾವ್ಕಾರ್ರ ಹುಕುಂ ಅಲ್ಲ ಇದು. ಹೋಗಿ ಬೇಕಾದ್ರ ಹೇಳು" ಎಂದೆ. ಇನ್ನು ಒಬ್ಬನೂ ಗೇರು ಇಳಿಸುವುದಿಲ್ಲ, ಎಲ್ಲ ನಾನೇ ಕೈಯಾರೆ ಹಾಳುಮಾಡಿದೆ ಅನಿಸಿತು.

ಅವನು ಗೋಡೆಯನ್ನೇ ನೋಡುತ್ತಾ ಬೀಡಿ ಹಚ್ಚಿದ.

"ಅವ್ರು ಬರಸಿಲ್ಲಂತ ನಮಗ ಮೊದಲ್ನೇ ದಿನಾನ ಗೊತ್ತಿತ್ತು ಬಿಡಕ್ಕ. ಟ್ರಿಪ್ಪಿನ ಮ್ಯಾಲೆ ಕೂಲಿ ಕೊಡೋರು ನಿಧಾನ ಹೋಗಂತ ಯಾಕ ಬರಸ್ತಾರ?"

"ಮತ್ಯಾಕ ನಿಧಾನ ಹೋಗ್ತಿದ್ರಿ?"

"ನಮಗೇನು ಮಕ್ಕಳಿಲ್ಲೇನು? ಕೇಳಿದ್ರ ಹೇಳಾಕ ಒಂದು ಮಾತು ಬೇಕಿತ್ತು. 'ನಿಮ್ದ ಬೋರ್ಡು ಅನಕೊಂಡ್ವಿ ಸಾವ್ಕಾರ್ರೇ' ಅಂತಿದ್ವಿ. ಈಗ ಸುಣ್ಣ ಹೊಡಸಿ ಅದನ್ನೂ ಕಿತ್ಕೊಂಡ್ರು." ಬಣ್ಣದ ಡಬ್ಬಿಯನ್ನು ಕಾಲಿನಿಂದ ನನ್ನ ಕಡೆಗೆ ಸರಿಸಿದ. "ಅತ್ಲಾಗ ಇನ್ನೂ ಗ್ವಾಡಿ ಖಾಲಿ ಐತಲ್ಲ, ಅಲ್ಲೂ ಬರಿ. ಕಾಣ್ಲಿಲ್ಲ ಅಂತ ಯಾವನೂ ಅನಬಾರ್ದು, ಅಷ್ಟು ದೊಡ್ಡದು ಬರಿ."

ಅವನು ಲಾರಿ ಹತ್ತಿ, ಎಂಜಿನ್ ಚಾಲು ಮಾಡಿ, ಅದನ್ನು ರಸ್ತೆಗೆ ಅಡ್ಡಲಾಗಿ ತಂದು ನಿಲ್ಲಿಸಿ ಎಂಜಿನ್ ಆರಿಸಿದ. ನಾನು ಕುಂಚ ಅದ್ದಿಕೊಂಡು ಗೋಡೆಯ ಆಚೆ ತುದಿಗೆ ಹೋದೆ. ಹಿಂದೆ ಒಂದೊಂದೇ ಲಾರಿ ಬಂದು ನಿಂತು, ಎಲ್ಲ ಸೇರಿ ಹಾರ್ನು ಬಾರಿಸತೊಡಗಿದವು. ಅವನು ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಗೋಡೆಯ ಕಡೆ ಕೈಚಾಚಿದ.

"ಯಾಕ್ ಬಾರಸ್ತೀರಲೇ? ಓದಾಕ ಬರಂಗಿಲ್ಲೇನು?"